ಅಂಗಡಿಯಲ್ಲಿ ಸರಿ, ಮನೆಯಲ್ಲಿ ಬಿಸಿ: ಮಂಡ್ಯದ ಒಂದು ಐಸ್ ಮೇಕರ್ ಪ್ರಕರಣ

ಫ್ರಿಜ್, ಎಸಿ ರಿಪೇರಿ ನನ್ನ ಕೆಲಸ. ಅಡುಗೆಮನೆ ಕಟ್ಟೆ ಮೇಲೆ ಕೂರುವ ಪುಟ್ಟ ಐಸ್ ಮೇಕರ್‌ಗಳು ಈಚೆಗೆ ನಮ್ಮ ಕಡೆಗೂ ಬರುತ್ತಿವೆ. ದೂರು ಹೆಚ್ಚುಕಮ್ಮಿ ಒಂದೇ. ವಿಪರೀತ ಬಿಸಿಯಾಗುತ್ತೆ, ಆಮೇಲೆ ನಿಂತುಹೋಗುತ್ತೆ. ಇದಕ್ಕೆಲ್ಲ ಒಂದೇ ಮದ್ದು ಅಂತ ಗ್ಯಾಸ್ ತುಂಬುವವರೂ ಇದ್ದಾರೆ. ಇಲ್ಲಿ ಬರೆಯುತ್ತಿರುವ ಮೆಷಿನ್‌ನಲ್ಲಿ ಗ್ಯಾಸ್ ಸರಿಯಾಗಿಯೇ ಇತ್ತು. ಆದರೂ ಹೊಸದಾಗಿ ತುಂಬಲು ಪೈಪ್ ಕತ್ತರಿಸುವ ಮಾತು ಬಂದಿತ್ತು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಬೀದಿ, ಮೆಷಿನ್ ಕಂಪನಿ ಯಾವುದನ್ನೂ ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಮನೆ ಮತ್ತು ಮೆಷಿನ್

ಮಂಡ್ಯ ಪಟ್ಟಣದ ಮನೆ. ಮನೆಯಾಕೆ ಬೇಸಿಗೆಯಲ್ಲಿ ಮುಂದಿನ ಕೋಣೆಯಿಂದಲೇ ನಿಂಬೆ ಶರಬತ್ತು, ಮಸಾಲೆ ಮಜ್ಜಿಗೆ ಮಾರುತ್ತಾರೆ. ಅವರ ಮೈದುನನ ಕಬ್ಬಿನ ಹಾಲಿನ ಗಾಡಿ ಮನೆ ಮುಂದೆಯೇ ನಿಲ್ಲುತ್ತೆ. ಮೊದಲೆಲ್ಲ ಇಬ್ಬರಿಗೂ ಐಸ್ ಫ್ಯಾಕ್ಟರಿಯ ಗಡ್ಡೆ ಬರುತ್ತಿತ್ತು. ಅದು ಕುಡಿಯೋ ನೀರಿನ ಐಸೋ, ಮೀನಿನ ಮೇಲೆ ಸುರಿಯೋ ಐಸೋ ಅನ್ನೋದು ನೋಡಿದರೆ ಗೊತ್ತಾಗಲ್ಲ. ತಿನ್ನಬಾರದ ಐಸಿಗೆ ನೀಲಿ ಬಣ್ಣ ಸೇರಿಸಬೇಕು ಅಂತ 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದೇನೋ ನಿಜ. ಆಕೆಗೆ ಆ ಬಣ್ಣದ ಮೇಲೆ ನಂಬಿಕೆ ಇಲ್ಲ. ನಮ್ಮ ನೀರಲ್ಲಿ ನಾವೇ ಮಾಡ್ಕೋತೀವಿ ಅಂತ ಆನ್‌ಲೈನ್‌ನಲ್ಲಿ ಮೆಷಿನ್ ತರಿಸಿದರು. ದಿನಕ್ಕೆ 12 ಕಿಲೋ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಇಂಥ ಲೆಕ್ಕ ತಂಪಾದ ಕೋಣೆಯಲ್ಲಿ, 24 ಗಂಟೆ ಓಡಿಸಿದರೆ ಬರುವಂಥದ್ದು. ಏಪ್ರಿಲ್‌ನ ಮಂಡ್ಯಕ್ಕೆ ಅದು ಹೊಂದಲ್ಲ.

ಒಳಗಿನ ಕೆಲಸ ಸರಳ. ಫ್ರಿಜ್‌ನಲ್ಲಿರುವಂಥದೇ ಚಿಕ್ಕ ಕಂಪ್ರೆಸರ್. ಪಕ್ಕದಲ್ಲಿ ಕಂಡೆನ್ಸರ್ ಜಾಲರಿ, ಅದಕ್ಕೆ ಗಾಳಿ ಕೊಡುವ ಫ್ಯಾನ್. ಮೇಲ್ಭಾಗದಲ್ಲಿ ಲೋಹದ ಒಂಬತ್ತು ಬೆರಳುಗಳು ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಅವು ಟ್ರೇಯಲ್ಲಿರುವ ನೀರಿನಲ್ಲಿ ಮುಳುಗಿ, ಸುತ್ತ ಐಸ್ ಕಟ್ಟುತ್ತೆ. ಆಮೇಲೆ ಟ್ರೇ ವಾಲಿ ಉಳಿದ ನೀರು ತೊಟ್ಟಿಗೆ ಹೋಗುತ್ತೆ. ಒಂದು ವಾಲ್ವ್ ತೆರೆದು ಬಿಸಿ ಗ್ಯಾಸನ್ನು ಬೆರಳುಗಳಿಗೆ ಬಿಡುತ್ತೆ, ಐಸ್ ಜಾರಿ ಬೀಳುತ್ತೆ. ಮೆಷಿನ್ ಚೆನ್ನಾಗಿದ್ದರೆ ಒಂದು ಸುತ್ತಿಗೆ ಹತ್ತು ನಿಮಿಷದ ಆಸುಪಾಸು.

ನೀರಿನಿಂದ ತೆಗೆದ ಶಾಖ, ಅದರ ಜೊತೆ ಕಂಪ್ರೆಸರ್ ತಿನ್ನುವ ಕರೆಂಟಿನ ಶಾಖ, ಎರಡೂ ಆ ಒಂದು ಜಾಲರಿಯಿಂದಲೇ ಹೊರಗೆ ಹೋಗಬೇಕು. ಒಂದು ಲೀಟರ್ ನೀರು ಐಸಾಗಲು 334 ಕಿಲೋಜೌಲ್ ತೆಗೆಯಬೇಕು. ಅದಕ್ಕೆ ಮುಂಚೆ ಅದು ಸೊನ್ನೆ ಡಿಗ್ರಿಗೆ ಇಳಿಯಬೇಕಲ್ವಾ? 20 ಡಿಗ್ರಿ ನೀರಾದರೆ ಅದಕ್ಕೆ ಇನ್ನೊಂದು 84. ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನಿಂದ ಬರುವ 40 ಡಿಗ್ರಿ ನೀರಾದರೆ 168. ಅಂದರೆ ಬಿಸಿನೀರು ಸುರಿದರೆ ಕೆಲಸ ಐದನೇ ಒಂದು ಭಾಗ ಜಾಸ್ತಿ. ಈ ಮನೆಯಲ್ಲಿ ಮೆಷಿನ್ನಿಗೆ ನೀರು ಬರುತ್ತಿದ್ದುದು ಆ ಟ್ಯಾಂಕಿನಿಂದಲೇ.

ದೂರು

ಮೊದಲ ಬೇಸಿಗೆ ಆರಾಮಾಗಿ ಕಳೆಯಿತು. ಎರಡನೇ ಬೇಸಿಗೆ ಶುರುವಾದಾಗ ಐಸ್ ತೆಳ್ಳಗಾಯಿತು. ಬಲಗಡೆಯ ಮೈ ಕೈಯಿಡಲಾಗದಷ್ಟು ಬಿಸಿ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ನಿಂತೇ ಹೋಗೋದು.

"ಟಕ್ ಅಂತದೆ ಅಣ್ಣ, ನಿಂತೋಯ್ತದೆ. ಅರ್ಧ ಗಂಟೆ ಬುಟ್ರೆ ತಾನೇ ಹೊಂಡ್ತದೆ. ಬೆಂಕಿಗಿಂಕಿ ಹತ್ಕಂಡ್ರೆ ಏನ್ ಗತಿ ಅಂತ ಭಯ ನಮ್ಗೆ" ಅಂದರು ಆಕೆ. ರಾಮನವಮಿ ಹತ್ತಿರದಲ್ಲಿತ್ತು. ಬೀದಿಯ ಪಾನಕ, ಮಜ್ಜಿಗೆಗೆ ಐಸ್ ಕೊಡ್ತೀವಿ ಅಂತ ಮೈದುನ ಒಪ್ಪಿಕೊಂಡು ಬಂದಿದ್ದರು.

ಆ ಟಕ್ ಸದ್ದು ಓವರ್‌ಲೋಡ್‌ನದು. ಕಂಪ್ರೆಸರ್ ಮೈಗೆ ಅಂಟಿಕೊಂಡಿರುವ ಗುಂಡಿಯಂಥ ಭಾಗ ಅದು. ಒಳಗೆ ಎರಡು ಬಗೆಯ ಲೋಹ ಬೆಸೆದ ಒಂದು ಬಿಲ್ಲೆ ಇರುತ್ತೆ. ಮೈ ಕಾದರೆ ಅಥವಾ ಕರೆಂಟ್ ಜಾಸ್ತಿ ಎಳೆದರೆ ಬಿಲ್ಲೆ ಬಾಗಿ ಲೈನ್ ಕತ್ತರಿಸುತ್ತೆ, ತಣ್ಣಗಾದ ಮೇಲೆ ಮತ್ತೆ ಸೇರಿಸುತ್ತೆ. ಅಂದರೆ ಮೆಷಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಇದನ್ನು ಆಕೆಗೆ ಹೇಳಿದೆ. ಜೊತೆಗೆ ಇನ್ನೊಂದೂ ಹೇಳಬೇಕಾಯಿತು: ಹೀಗೆ ದಿನಾ ಕತ್ತರಿಸುತ್ತಿದ್ದರೆ ಕಂಪ್ರೆಸರ್ ವೈಂಡಿಂಗ್, ಅಂದರೆ ಮೋಟಾರಿನ ತಂತಿ ಸುರುಳಿ, ಸೊರಗುತ್ತೆ. ತಾನೇ ಹೊರಡುತ್ತಲ್ಲ ಅಂತ ಬಿಡೋ ಹಾಗಿಲ್ಲ.

ಅಲ್ಲಿಯವರೆಗೆ ಮಾಡಿದ್ದು

ನನ್ನ ಹತ್ತಿರ ಬರೋ ಮುಂಚೆ ಸಾಕಷ್ಟು ಪ್ರಯತ್ನ ನಡೆದಿತ್ತು. ಯಾರೋ ವೋಲ್ಟೇಜ್ ಅಂದರು ಅಂತ ಸ್ಟೆಬಿಲೈಸರ್ ತಂದರು. ಏನೂ ಬದಲಾಗಲಿಲ್ಲ. ನಾನು ಆಮೇಲೆ ಅಳೆದಾಗ ಮೆಷಿನ್ ಓಡುತ್ತಿರುವಾಗಲೇ ಪ್ಲಗ್‌ನಲ್ಲಿ 221 ವೋಲ್ಟ್ ಇತ್ತು, ಅಲ್ಲಿಗೆ ಆ ಮಾತು ಮುಗಿಯಿತು. ಇನ್ನೊಂದು ಪ್ರಯತ್ನ ಆಕೆಯದೇ. ಟೇಬಲ್ ಫ್ಯಾನ್ ತಂದು ಮೆಷಿನ್ ಕಡೆ ತಿರುಗಿಸಿಟ್ಟರು. ಅವತ್ತು ಸುಮಾರು ಒಂದು ಗಂಟೆ ಜಾಸ್ತಿ ಓಡಿತು. "ಫ್ಯಾನ್ ಹಾಕುದ್ರೂ ನಿಂತೋಯ್ತು" ಅಂತ ಅದನ್ನು ಸೋಲಿನ ಲೆಕ್ಕಕ್ಕೆ ಸೇರಿಸಿದ್ದರು. ಇಡೀ ಪ್ರಕರಣದಲ್ಲಿ ಸಿಕ್ಕ ಒಳ್ಳೇ ಸುಳಿವು ಅದೇ. ಹೊರಗಿಂದ ಗಾಳಿ ಕೊಟ್ಟರೆ ಸುಧಾರಿಸುತ್ತೆ ಅಂದರೆ ಕೊರತೆ ಇರೋದು ಗಾಳಿಯದು.

ಆಮೇಲೆ ಒಬ್ಬ ಮೆಕ್ಯಾನಿಕ್ ಮೆಷಿನ್ ತಗೊಂಡು ಹೋದರು. ಬಿಚ್ಚಿ ನೋಡಿದರೆ ಕಂಡೆನ್ಸರ್ ತುಂಬ ಒಗ್ಗರಣೆ ಎಣ್ಣೆಯ ಜಿಡ್ಡು, ಅದರ ಮೇಲೆ ಕಬ್ಬಿನ ಸಿಪ್ಪೆಯ ನವಿರು ನಾರು. ಹಿಂಡಿದ ಸಿಪ್ಪೆಯನ್ನು ಬಾಗಿಲ ಪಕ್ಕ ರಾಶಿ ಹಾಕುತ್ತಿದ್ದರು. ಒಣಗಿದ ಮೇಲೆ ಅದರ ಪುಡಿ ಗಾಳಿಗೆ ಒಳಗೆ ಬರುತ್ತಿತ್ತು. ಅವರು ಬ್ರಷ್ ಹಾಕಿ, ಬ್ಲೋವರ್ ಹೊಡೆದು ಜಾಲರಿಯನ್ನು ಚೊಕ್ಕ ಮಾಡಿದರು. ಹೊರಮೈಯ ಮುಚ್ಚಳ ತೆಗೆದೇ ಇಟ್ಟು ಬೆಳಗಿನಿಂದ ಸಂಜೆವರೆಗೆ ಓಡಿಸಿದರು. ಒಂದು ಸಲವೂ ನಿಲ್ಲಲಿಲ್ಲ. ಮುಚ್ಚಳ ಹಾಕಿ ವಾಪಸ್ ಕೊಟ್ಟರು. ಮಾರನೇ ದಿನ ಮಧ್ಯಾಹ್ನ ಮನೆಯಲ್ಲಿ ಮತ್ತೆ ಟಕ್.

ಎರಡನೇ ಸಲ ಬಂದಾಗ ಅವರು ಹೇಳಿದ್ದು, ಗ್ಯಾಸ್ ಕಮ್ಮಿಯಾಗಿದೆ, ಪೈಪ್ ಕತ್ತರಿಸಿ ಹೊಸದಾಗಿ ತುಂಬಬೇಕು ಅಂತ. ಆ ಮಾತಿಗೆ ಆಧಾರ ಇಲ್ಲದೆ ಇಲ್ಲ. ಕಂಪ್ರೆಸರ್ ಒಳಗಿನ ಮೋಟಾರನ್ನು ತಣ್ಣಗಿಡೋದು ವಾಪಸ್ ಬರುವ ತಂಪು ಗ್ಯಾಸೇ. ಅದು ಕಮ್ಮಿಯಾದರೆ ಮೋಟಾರ್ ಕಾಯುತ್ತೆ, ಓವರ್‌ಲೋಡ್ ಕತ್ತರಿಸುತ್ತೆ. ಹೊರಗಿನಿಂದ ನೋಡುವವರಿಗೆ ಗಾಳಿ ಸಾಲದ್ದು, ಗ್ಯಾಸ್ ಸಾಲದ್ದು ಎರಡೂ ಒಂದೇ ಥರ ಕಾಣುತ್ತೆ.

ಪೈಪ್ ಕತ್ತರಿಸೋದು ಬೇಡ

ನಾನು ಮೊದಲು ಮಾಡಿದ್ದು ಅದನ್ನು ತಡೆದಿದ್ದು. ಹಿಂದಿನ ಲೇಬಲ್‌ನಲ್ಲಿ ಆರ್600ಎ ಅಂತ ಇತ್ತು, ಬೆಂಕಿಯ ಚಿಹ್ನೆಯೂ ಇತ್ತು. ಅದು ಐಸೋಬ್ಯೂಟೇನ್, ಹತ್ತಿಕೊಳ್ಳುವ ಗ್ಯಾಸ್. ಒಲೆ ಉರಿಯುವ ಅಡುಗೆಮನೆಯಲ್ಲಿ ಆ ಪೈಪಿಗೆ ಕೈ ಹಾಕಬಾರದು. ಇಂಥ ಮೆಷಿನ್ನಿಗೆ ತುಂಬಿರೋದೇ ಕೆಲವು ಹತ್ತು ಗ್ರಾಂ. ಒಂದೆರಡು ಗ್ರಾಂ ಹೆಚ್ಚುಕಮ್ಮಿಯಾದರೂ ಐಸ್ ಕಟ್ಟೋದು ಏರುಪೇರಾಗುತ್ತೆ. ಸೂಕ್ಷ್ಮ ತಕ್ಕಡಿ, ವ್ಯಾಕ್ಯೂಮ್ ಪಂಪ್ ಇಲ್ಲದೆ ಅಂದಾಜಿಗೆ ತುಂಬುವ ಕೆಲಸ ಅಲ್ಲ. ಫ್ಯಾಕ್ಟರಿಯಲ್ಲಿ ತುಂಬಿದ ಗ್ಯಾಸ್ ಒಮ್ಮೆ ಹೊರಗೆ ಬಿಟ್ಟರೆ, ಅದು ಸರಿಯಿತ್ತಾ ಇಲ್ವಾ ಅನ್ನೋದು ಆಮೇಲೆ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಬಿಚ್ಚಿ ವಾಪಸ್ ಹಾಕಬಹುದಾದ್ದನ್ನೆಲ್ಲ ಮೊದಲು ನೋಡೋಣ ಅಂದೆ.

ಗ್ಯಾಸ್ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಬೆರಳುಗಳು. ಮೆಷಿನ್ ತಣ್ಣಗಿದ್ದಾಗ ಬೆಳಿಗ್ಗೆ ಓಡಿಸಿ, ಬಿದ್ದ ಮೊದಲ ಕೆಲವು ಸುತ್ತಿನ ಐಸನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದೆ. ಗ್ಯಾಸ್ ಕಮ್ಮಿ ಇದ್ದರೆ ಪೈಪಿನ ದಾರಿಯಲ್ಲಿ ಕೊನೆಗೆ ಬರುವ ಬೆರಳುಗಳಿಗೆ ತಂಪು ತಲುಪಲ್ಲ. ಕೆಲವು ಬೆರಳಿಗೆ ದಪ್ಪ, ಕೆಲವಕ್ಕೆ ತೆಳು ಪೊರೆ, ಒಂದೆರಡು ಖಾಲಿ, ಹೀಗೆ ಬರುತ್ತೆ. ಇಲ್ಲಿ ಒಂಬತ್ತೂ ಒಂದೇ ದಪ್ಪ. ಮಧ್ಯಾಹ್ನ ತೆಳ್ಳಗಾದರೂ ಒಂಬತ್ತೂ ಒಟ್ಟಿಗೇ ತೆಳ್ಳಗಾದವು.

ಎರಡನೇ ಸಾಕ್ಷಿ ಕ್ಲ್ಯಾಂಪ್ ಮೀಟರ್‌ನದು, ವೈರನ್ನು ಸುತ್ತುವರಿದು ಹಿಡಿದು ಕರೆಂಟ್ ಅಳೆಯುವ ಮೀಟರ್ ಅದು. ಗ್ಯಾಸ್ ಕಮ್ಮಿಯಿರುವ ಕಂಪ್ರೆಸರ್‌ಗೆ ತಳ್ಳಲು ಭಾರವೇ ಇರಲ್ಲ, ಹಾಗಾಗಿ ಕರೆಂಟ್ ಲೇಬಲ್‌ಗಿಂತ ಕೆಳಗೇ ಇರುತ್ತೆ. ಇಲ್ಲಿ ಲೇಬಲ್ 0.9 ಆಂಪ್. ಶುರುವಿನಲ್ಲಿ 0.8 ಇದ್ದದ್ದು ಟಕ್ ಅನ್ನುವ ಹೊತ್ತಿಗೆ 1.2ಕ್ಕೆ ಏರಿತ್ತು. ಕಂಡೆನ್ಸರ್ ಕಡೆ ಒತ್ತಡ ಏರುತ್ತಿದೆ, ಶಾಖ ಹೊರಗೆ ಹೋಗ್ತಿಲ್ಲ ಅಂತಲೇ ಇದರರ್ಥ.

ಬಿಸಿ ಗ್ಯಾಸ್ ವಾಲ್ವನ್ನೂ ನೋಡಿದೆ. ಅದು ಪೂರ್ತಿ ಮುಚ್ಚದೆ ಸೋರಿದರೂ ಕಂಪ್ರೆಸರ್ ಕಾಯುತ್ತೆ, ಐಸ್ ಸರಿಯಾಗಿ ಕಟ್ಟಲ್ಲ. ಐಸ್ ಕಟ್ಟುವ ಹೊತ್ತಿನಲ್ಲಿ ವಾಲ್ವ್ ದಾಟಿದ ಪೈಪ್ ಬಿಸಿಯಿದ್ದರೆ ಅನುಮಾನ ಪಡಬೇಕು. ಇಲ್ಲಿ ಅದು ತಣ್ಣಗಿತ್ತು, ಐಸ್ ಬೀಳಿಸುವಾಗ ಮಾತ್ರ ಬಿಸಿಯಾಗುತ್ತಿತ್ತು.

ಇಲ್ಲೊಂದು ಉಪಯೋಗದ ಮಾತು. ಗನ್ ಥರ ಹಿಡಿಯುವ ಇನ್ಫ್ರಾರೆಡ್ ಥರ್ಮಾಮೀಟರನ್ನು ಬಿಸಿಯಾದ, ಹೊಳೆಯುವ ತಾಮ್ರದ ಪೈಪಿಗೆ ಹಿಡಿದರೆ ಸುಳ್ಳು ಹೇಳುತ್ತೆ, ಇರುವುದಕ್ಕಿಂತ ತುಂಬಾ ಕಮ್ಮಿ ತೋರಿಸುತ್ತೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಆ ಟೇಪಿನ ಮೇಲೆ ಅಳೆಯಿರಿ. ಮುಂದೆ ಬರುವ ಕಂಪ್ರೆಸರ್ ಬಿಸಿಯ ಅಂಕಿಗಳು ಹಾಗೆ ಅಳೆದವು.

ಗೂಡಿನಿಂದ ಈಚೆಗೆ

ಮೆಷಿನ್ನನ್ನು ಅಂಗಡಿಗೆ ತರದೆ ಮನೆಯಲ್ಲೇ ನೋಡ್ತೀನಿ ಅಂತ ಮೊದಲೇ ಹೇಳಿದ್ದೆ. ಅಂಗಡಿಯಲ್ಲಿ ಅದು ಓಡುತ್ತೆ ಅನ್ನೋದು ಗೊತ್ತೇ ಇತ್ತಲ್ಲ, ಮತ್ತೆ ಅದನ್ನೇ ನೋಡಿ ಪ್ರಯೋಜನ ಇಲ್ಲ.

ಮನೆಯಲ್ಲಿ ಅದು ಕೂತಿದ್ದ ಜಾಗ ಅಡುಗೆಮನೆಯ ಕಡಪ ಕಲ್ಲಿನ ಗೂಡು. ಮೂರು ಕಡೆ ಗೋಡೆ, ಮೇಲೆ ಕಲ್ಲು. ಒಂದು ಪಕ್ಕಕ್ಕೆ ಮಿಕ್ಸಿ ಒತ್ತಿಕೊಂಡಿತ್ತು. ಮೆಷಿನ್ನಿಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಕವರ್ ಬೇರೆ, ಫ್ರಿಜ್ಜಿಗೆ ಹಾಕ್ತೀವಲ್ಲ ಅಂಥದ್ದು. ಮುಂದೆ ಬಾಗಿಲು ತೆರೆಯಲು ಜಾಗ ಬಿಟ್ಟು ಎರಡೂ ಪಕ್ಕ ಇಳಿಬಿದ್ದಿತ್ತು. ಗಾಳಿ ಒಳಗೆ ಹೋಗುವ ಜಾಲರಿ, ಹೊರಗೆ ಬರುವ ಜಾಲರಿ ಎರಡೂ ಇರೋದು ಆ ಪಕ್ಕಗಳಲ್ಲೇ. ಅಡುಗೆಮನೆಯಲ್ಲಿ 35 ಡಿಗ್ರಿ ಇದ್ದಾಗ ಗೂಡಿನೊಳಗೆ 46. ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಉಷ್ಣವಲಯಕ್ಕೆ ಅಂತ 'ಟಿ' ವರ್ಗ ಬರೆದಿರುವ ಮೆಷಿನ್ ಕೂಡ ಸುತ್ತ 43 ಡಿಗ್ರಿವರೆಗೆ ಮಾತ್ರ. ಈ ಮೆಷಿನ್‌ನ ಲೇಬಲ್‌ನಲ್ಲಿ 'ಎನ್' ಅಂತ ಇತ್ತು. ಅದಕ್ಕೆ 32ರವರೆಗೆ. ಕೊಳ್ಳುವಾಗ ಆ ಒಂದು ಅಕ್ಷರ ಯಾರು ನೋಡ್ತಾರೆ ಹೇಳಿ.

ಕವರ್ ತೆಗೆಸಿದೆ. ಮುಂದಿನ ಕೋಣೆಯಲ್ಲಿ ಮರದ ಮೇಜಿನ ಮೇಲೆ, ಎಲ್ಲ ಕಡೆ ಒಂದು ಗೇಣು ಜಾಗ ಬಿಟ್ಟು ಇಟ್ಟೆವು. ಸಾಗಿಸುವಾಗ ಅಡ್ಡ ಮಲಗಿಸಲಿಲ್ಲ. ಮಲಗಿಸಿದರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಬರುತ್ತೆ, ಮತ್ತೆ ನೆಟ್ಟಗಿಟ್ಟು ಗಂಟೆಗಟ್ಟಲೆ ಕಾಯಬೇಕಾಗುತ್ತೆ.

ಸುಧಾರಿಸಿತು. ಎರಡಕ್ಕೆ ನಿಲ್ಲುತ್ತಿದ್ದದ್ದು ನಾಲ್ಕರವರೆಗೆ ಓಡಿತು. ಆಮೇಲೆ ನಿಂತಿತು.

ಇಲ್ಲಿ ಎಷ್ಟೋ ಜನ ಕೈಬಿಡುತ್ತಾರೆ, ಇಲ್ಲವೇ ಗ್ಯಾಸಿಗೆ ವಾಪಸ್ ಹೋಗುತ್ತಾರೆ. ಜಾಲರಿ ಚೊಕ್ಕವಾಗಿದೆ, ಜಾಗ ಬದಲಾಗಿದೆ, ಇನ್ನೇನು ಉಳಿದಿದೆ ಅಂತ. ಮನೆಯವರ ಮುಖದಲ್ಲೂ ಅದೇ ಇತ್ತು. "ಗ್ಯಾಸೇ ಇರ್ಬೇಕು ಬುಡಿ ಅಣ್ಣ, ತುಂಬ್ಸೇ ಬುಡಣ" ಅಂದರು ಮೈದುನ.

ಕಾಗದದ ಪಟ್ಟಿ

ಆ ಮೆಕ್ಯಾನಿಕ್ ಅಂಗಡಿಯಲ್ಲಿ ದಿನವಿಡೀ ಓಡಿದ್ದು, ಇಲ್ಲಿ ಬಯಲಲ್ಲಿಟ್ಟರೂ ಯಾಕೆ ಓಡಲ್ಲ? ನೀರು ಅದೇ, ಬೇಸಿಗೆ ಅದೇ, ವೋಲ್ಟೇಜ್ ಸರಿಯಿದೆ. ಉಳಿದ ವ್ಯತ್ಯಾಸ ಒಂದೇ. ಅಲ್ಲಿ ಮುಚ್ಚಳ ತೆಗೆದಿತ್ತು, ಇಲ್ಲಿ ಹಾಕಿದೆ.

ಹಾಗಾದರೆ ಮುಚ್ಚಳ ಹಾಕಿದಾಗ ಒಳಗೆ ಏನಾಗುತ್ತೆ ಅಂತ ನೋಡಬೇಕು. ತೆಗೆದರೆ ಪರೀಕ್ಷೆಯೇ ಹಾಳು. ದಿನಪತ್ರಿಕೆಯ ಅಂಚಿನಿಂದ ಒಂದು ಬೆರಳಗಲದ ಪಟ್ಟಿ ಹರಿದು, ಗಾಳಿ ಹೊರಬರುವ ಜಾಲರಿಯ ಮೇಲಂಚಿಗೆ ಟೇಪ್ ಹಾಕಿದೆ. ಪಟ್ಟಿ ಹೊರಕ್ಕೆ ಚಾಚಿ ಪಟಪಟ ಅನ್ನುತ್ತಿತ್ತು. ಕಂಪ್ರೆಸರ್ ಸದ್ದಿನ ನಡುವೆ ಫ್ಯಾನ್ ಸದ್ದು ಬೇರೆಯಾಗಿ ಕೇಳಿಸಲ್ಲ, ಕಾಗದ ಮಾತ್ರ ಸುಳ್ಳು ಹೇಳಲ್ಲ.

ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ ಪಟ್ಟಿ ಸಡಿಲವಾಯಿತು, ಸ್ವಲ್ಪ ನಡುಗಿತು, ನೇತುಬಿತ್ತು. ತಕ್ಷಣ ತೀರ್ಮಾನಕ್ಕೆ ಬರುವ ಹಾಗಿರಲಿಲ್ಲ. ಕೆಲವು ಮೆಷಿನ್‌ಗಳಲ್ಲಿ ಐಸ್ ಬೀಳಿಸುವ ಹೊತ್ತಿಗೆ ಫ್ಯಾನನ್ನು ಬೇಕೆಂದೇ ನಿಲ್ಲಿಸಿರುತ್ತಾರೆ. ಐಸ್ ಬಿತ್ತು, ಟ್ರೇ ವಾಪಸ್ ಬಂತು, ನೀರು ತುಂಬಿತು, ಹೊಸ ಸುತ್ತು ಶುರುವಾಯಿತು. ಪಟ್ಟಿ ಮೇಲೆದ್ದಿಲ್ಲ.

ಪ್ಲಗ್ ಕಿತ್ತು ಪಕ್ಕದ ತಗಡು ಬಿಚ್ಚಿ, ತಾಗಬಾರದ ಕಡೆ ಕೈ ಹೋಗದ ಹಾಗೆ ನೋಡಿಕೊಂಡು ಮತ್ತೆ ಕರೆಂಟ್ ಕೊಟ್ಟೆ. ಫ್ಯಾನಿನ ವೈರ್‌ನಲ್ಲಿ 12 ವೋಲ್ಟ್ ಸರಿಯಾಗಿ ಬರುತ್ತಿತ್ತು. ಫ್ಯಾನ್ ನಿಂತಿತ್ತು. ಪೆನ್ಸಿಲ್ ತುದಿಯಿಂದ ರೆಕ್ಕೆಯನ್ನು ತಳ್ಳಿದರೆ ಒಂದೆರಡು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು. ಹತ್ತು ನಿಮಿಷ ತೆರೆದಿಟ್ಟೆ. ತಾನೇ ಹೊರಟು ಜುಮ್ಮಂತ ತಿರುಗತೊಡಗಿತು.

ಅಲ್ಲಿಗೆ ಎಲ್ಲ ಹೊಂದಿಕೊಂಡಿತು. ಫ್ಯಾನಿನ ನಡುವಿನ ಬುಷ್, ಅಂದರೆ ತಿರುಗುವ ಕಡ್ಡಿಯನ್ನು ಹಿಡಿದಿರುವ ಉಂಗುರ, ಒಣಗಿ, ಜಿಡ್ಡು ಗಟ್ಟಿಯಾಗಿತ್ತು. ತಣ್ಣಗಿದ್ದಾಗ ತಿರುಗುತ್ತೆ, ಕಾದರೆ ಹಿಡಿದುಕೊಳ್ಳುತ್ತೆ. ಮುಚ್ಚಳ ತೆಗೆದಾಗ ಫ್ಯಾನ್ ಬಿಸಿಯೇ ಆಗುತ್ತಿರಲಿಲ್ಲ, ಹಾಗಾಗಿ ಅಂಗಡಿಯಲ್ಲಿ ತಪ್ಪು ಕಾಣಿಸಲೇ ಇಲ್ಲ. ಮುಚ್ಚಳ ಹಾಕಿದರೆ ಒಳಗೆ ಶಾಖ ಏರಿ ಫ್ಯಾನ್ ನಿಧಾನ, ಫ್ಯಾನ್ ನಿಧಾನವಾದರೆ ಶಾಖ ಇನ್ನೂ ಜಾಸ್ತಿ, ಕೊನೆಗೆ ಟಕ್. ಆಕೆ ಹೊರಗಿನಿಂದ ಬೀಸಿದ ಟೇಬಲ್ ಫ್ಯಾನ್ ಆ ಒಂದು ಗಂಟೆ ಇದೇ ಸುತ್ತನ್ನು ತಡೆದು ಹಿಡಿದಿತ್ತು. ಮೊದಲ ಮೆಕ್ಯಾನಿಕ್ ಜಾಲರಿ ಚೊಕ್ಕ ಮಾಡಿದ್ದು ದಂಡವೇನಲ್ಲ. ಆ ಜಿಡ್ಡು ಹಾಗೇ ಇದ್ದಿದ್ದರೆ ಹೊಸ ಫ್ಯಾನೂ ಏನೂ ಮಾಡುತ್ತಿರಲಿಲ್ಲ.

ಹೊಸ ಫ್ಯಾನ್

ಹಳೇ ಫ್ಯಾನಿನ ಸ್ಟಿಕ್ಕರ್ ಕಿತ್ತು ಒಂದು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಓಡುತ್ತೆ. ತುರ್ತಿಗೆ ಸರಿ, ರಿಪೇರಿ ಅಂತ ಹಣ ತಗೊಳ್ಳುವ ಕೆಲಸ ಅಲ್ಲ. ಆ ಶಾಖಕ್ಕೆ ಎಣ್ಣೆ ಮತ್ತೆ ಒಣಗುತ್ತೆ.

ಬದಲಿ ಫ್ಯಾನ್ ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕಿತು. ಇಲ್ಲಿ ಎಡವುವುದು ಸುಲಭ. ಕಂಪ್ಯೂಟರ್ ಫ್ಯಾನ್ ಅದೇ ಅಳತೆಗೆ ಅಗ್ಗವಾಗಿ ಸಿಗುತ್ತೆ, ಸ್ಕ್ರೂ ತೂತುಗಳೂ ಸರಿಹೊಂದುತ್ತವೆ. ಆದರೆ ಸದ್ದಿಲ್ಲದೆ ಓಡಲಿ ಅಂತ ಮಾಡಿದ ಫ್ಯಾನ್ ಕಂಡೆನ್ಸರ್ ದಾಟಿಸುವಷ್ಟು ಗಾಳಿ ತಳ್ಳಲ್ಲ. ಹಳೆಯದರ ಮೇಲೆ ಬರೆದ ಆಂಪ್ ನೋಡಿ, ಅದಕ್ಕೆ ಸಮನಾದದ್ದು, ಅಷ್ಟೇ ದಪ್ಪದ್ದು, ಬುಷ್ ಬದಲು ಬಾಲ್ ಬೇರಿಂಗ್ ಇರುವುದನ್ನು ಕೇಳಿ ತಂದೆ. ಚೌಕಟ್ಟಿನ ಮೇಲಿನ ಬಾಣದ ಗುರುತು ನೋಡಿ ಗಾಳಿಯ ದಿಕ್ಕು ಹಳೆಯದರಂತೆಯೇ ಇಟ್ಟೆ. ಓವರ್‌ಲೋಡನ್ನೂ ಬದಲಿಸಿದೆ, ಅಷ್ಟು ಸಲ ಕತ್ತರಿಸಿದ ಬಿಲ್ಲೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಪರೀಕ್ಷೆ ಮುಚ್ಚಳ ಹಾಕಿ, ಅವರ ಮನೆಯಲ್ಲೇ, ಮಧ್ಯಾಹ್ನವೇ. ಕಂಪ್ರೆಸರ್ ನೆತ್ತಿಯ ಮೇಲಿನ ಟೇಪ್ ಮೊದಲು ನಿಲ್ಲುವ ಹೊತ್ತಿಗೆ 94 ಡಿಗ್ರಿ ತೋರಿಸುತ್ತಿತ್ತು. ಈಗ 68ಕ್ಕೆ ಏರಿ ಅಲ್ಲೇ ನಿಂತಿತು. ಕರೆಂಟ್ 0.9 ದಾಟಲಿಲ್ಲ. ಒಂದು ಸುತ್ತಿಗೆ 16 ನಿಮಿಷ ಎಳೆಯುತ್ತಿದ್ದದ್ದು 10ಕ್ಕೆ ಬಂತು. ಆಕೆ ಅವತ್ತಿನ ಮಾರಾಟ ಮುಗಿಸುವವರೆಗೂ ಟಕ್ ಅನ್ನಲಿಲ್ಲ.

68 ಡಿಗ್ರಿಯೂ ಕೈಗೆ ಸುಡುತ್ತೆ. "ಇನ್ನೂ ಬಿಸಿಯಾಗೇ ಐತಲ್ಲಣ್ಣ" ಅಂತ ಆಕೆ ಅನುಮಾನಪಟ್ಟರು. ಕಂಪ್ರೆಸರ್ ಬಿಸಿಯಾಗಿಯೇ ಇರುತ್ತೆ. ಏರುತ್ತಲೇ ಹೋಗುತ್ತಾ, ಒಂದು ಕಡೆ ನಿಲ್ಲುತ್ತಾ ಅನ್ನೋದು ಮುಖ್ಯ.

ರಾಮನವಮಿಗೆ ಒಂದೇ ದಿನ ಎಲ್ಲ ಐಸ್ ಮಾಡೋದು ಬೇಡ ಅಂತ ಹೇಳಿದ್ದೆ. ಮೆಷಿನ್‌ನ ಬುಟ್ಟಿ ಫ್ರೀಜರ್ ಅಲ್ಲ, ಅಲ್ಲಿ ಬಿದ್ದ ಐಸ್ ಕರಗಿ ಮತ್ತೆ ತೊಟ್ಟಿಗೇ ಹೋಗುತ್ತೆ. ಹಿಂದಿನ ದಿನಗಳಲ್ಲೇ ಬೆಳಗಿನ ತಂಪಿನಲ್ಲಿ ಮಾಡಿ ಫ್ರಿಜ್‌ನ ಫ್ರೀಜರ್‌ಗೆ ಹಾಕಿಟ್ಟರು. ತೊಟ್ಟಿಗೆ ಟ್ಯಾಂಕಿನ ನೀರಿನ ಬದಲು ರಾತ್ರಿ ತುಂಬಿಟ್ಟ ಮಡಕೆ ನೀರು. ಪಾನಕಕ್ಕೆ ಐಸ್ ಸಾಲದೆ ಬರಲಿಲ್ಲ.

ಕಬ್ಬಿನ ಸಿಪ್ಪೆ ರಾಶಿ ಮಾತ್ರ ಇನ್ನೂ ಬಾಗಿಲ ಪಕ್ಕವೇ ಇದೆ. ಬೇರೆ ಜಾಗ ಇಲ್ಲ ಅಂತಾರೆ. ಅದಕ್ಕೇ ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಜಾಲರಿಗೆ ಒಣ ಬಣ್ಣದ ಬ್ರಷ್ ಆಡಿಸುವುದನ್ನು ಮೈದುನನಿಗೆ ತೋರಿಸಿದ್ದೇನೆ. ಬೋರ್ ನೀರಿನ ಬಿಳಿ ಉಪ್ಪು ಬೆರಳುಗಳ ಮೇಲೆ ಕಟ್ಟಿತ್ತು, ಅದನ್ನು ನಿಂಬೆರಸ ಬೆರೆಸಿದ ನೀರಲ್ಲಿ ತೆಗೆದೆವು. ಬಿಸಿಗೂ ಅದಕ್ಕೂ ದೊಡ್ಡ ಸಂಬಂಧ ಇಲ್ಲ, ಐಸ್ ಜಾರುವುದು ಸಲೀಸಾಗುತ್ತೆ ಅಷ್ಟೆ.

ಇಂಥದ್ದೇ ಮೆಷಿನ್ ನಿಮ್ಮ ಮುಂದೆ ಬಂದರೆ

ಬಿಸಿ ಅಂದ ತಕ್ಷಣ ಎಲ್ಲ ಪ್ರಕರಣವೂ ಫ್ಯಾನ್ ಅಲ್ಲ. ಒಂಬತ್ತು ಬೆರಳಲ್ಲಿ ಐಸ್ ಏರುಪೇರಾಗಿ, ಕರೆಂಟೂ ಕಮ್ಮಿ ಇದ್ದರೆ ಆಗ ಗ್ಯಾಸ್ ಸೋರಿಕೆ ಹುಡುಕಿ, ಅದೂ ಆರ್600ಎ ಕೆಲಸ ಬಲ್ಲವರ ಕೈಯಲ್ಲಿ. ಕರೆಂಟ್ ಹೋಗಿ ತಕ್ಷಣ ಬಂದಾಗ ಮಾತ್ರ ಟಕ್ ಟಕ್ ಅಂದು ಹೊರಡದಿದ್ದರೆ ಅದು ಬೇರೆಯದೇ ವಿಷಯ. ಒಳಗಿನ ಒತ್ತಡ ಇಳಿಯದೆ ಕಂಪ್ರೆಸರ್ ಹೊರಡಲ್ಲ, ಐದು ನಿಮಿಷ ಆಫ್ ಮಾಡಿಟ್ಟು ಆಮೇಲೆ ಹಾಕಿದರೆ ಸಾಕು.

ಕಂಪ್ರೆಸರ್ ಸುಟ್ಟಿದೆಯಾ ಅಂತ ನೋಡೋದು ಮೀಟರ್ ಇರುವ ಯಾರಿಗಾದರೂ ಸಾಧ್ಯ. ಪ್ಲಗ್ ಕಿತ್ತು, ಕಂಪ್ರೆಸರನ್ನು ಹೊರಡಿಸುವ ರಿಲೇ ತೆಗೆದರೆ ಮೂರು ಪಿನ್ ಕಾಣುತ್ತವೆ. ಎರಡೆರಡು ಪಿನ್ ನಡುವೆ ಓಮ್ಸ್ ಅಳೆಯಿರಿ. ಚಿಕ್ಕ ಎರಡು ಅಂಕಿ ಕೂಡಿಸಿದರೆ ದೊಡ್ಡ ಅಂಕಿ ಬರಬೇಕು. ಯಾವ ಪಿನ್ನಿನಿಂದಲೂ ಕಂಪ್ರೆಸರ್ ಮೈಗೆ ಸಂಪರ್ಕ ತೋರಿಸಬಾರದು. ಈ ಮೆಷಿನ್ ಎರಡರಲ್ಲೂ ಪಾಸಾಗಿತ್ತು, ಅದಕ್ಕೇ ಅಷ್ಟು ಹೊತ್ತು ಅದರ ಮುಂದೆ ಕೂತೆ. ಪಾಸಾಗದಿದ್ದರೆ ರಿಪೇರಿ ಬೇಡ ಅಂತಲೇ ಹೇಳುತ್ತಿದ್ದೆ. ಈ ಗಾತ್ರದ ಮೆಷಿನ್ನಿಗೆ ಕಂಪ್ರೆಸರ್, ಗ್ಯಾಸ್, ಕೂಲಿ ಎಲ್ಲ ಸೇರಿದರೆ ಹೊಸದರ ಬೆಲೆಯ ಹತ್ತಿರ ಹೋಗುತ್ತೆ. ಆ ದುಡ್ಡಿಗೆ ಲೇಬಲ್‌ನಲ್ಲಿ 'ಟಿ' ಅಂತ ಇರುವ ಹೊಸದನ್ನೇ ತರೋದು ವಾಸಿ.